ಬಾವಿ, ಸಸಿ, ಅರವಟ್ಟಿಗೆ: ಸಣ್ಣ ಊರಿನ ಶ್ರಮದಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಳಂದ, ಸೇಡಂ, ಚಿತ್ತಾಪುರ, ಭಾಲ್ಕಿ, ಔರಾದ್, ಶಹಾಪುರ, ಗುರುಮಠಕಲ್. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಇಂಥ ಊರುಗಳಲ್ಲಿ ಹತ್ತು ಹದಿನೈದು ಜನ ಕೂಡಿ ‘ಊರಿಗೆ ಏನಾದರೂ ಮಾಡೋಣ’ ಎಂದು ಹೊರಟಾಗ ಏಳುವ ಪ್ರಶ್ನೆಗಳಿವು. ಹಳೆ ಬಾವಿಯ ಹೂಳೆತ್ತುವ ಕೆಲಸಕ್ಕೆ ಇಲ್ಲಿ ಹೆಚ್ಚು ಜಾಗ ಹೋಗಿದೆ. ಉಳಿದ ಕೆಲಸಗಳಲ್ಲಿ ತಪ್ಪಿದರೆ ರೊಕ್ಕ ಹೋಗುತ್ತದೆ, ಬಾವಿಯಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಮೊದಲು ಯಾವ ಕೆಲಸ ಹಿಡಿಯಬೇಕು?

ಅರವಟ್ಟಿಗೆ. ಕಾರಣ ಸರಳ: ಶಿವರಾತ್ರಿಯ ಆಸುಪಾಸು ಶುರುವಾಗಿ ಮಿರಗದ (ಮೃಗಶಿರಾ) ಮಳೆಗೆ ಮುಗಿಯುತ್ತದೆ, ಖರ್ಚು ಕಡಿಮೆ, ಯಾರ ವಿರೋಧವೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂಜಾನೆ ಆರಕ್ಕೆ ಗಡಿಗೆ ತೊಳೆಯಲು ತೊಂಬತ್ತು ದಿನ ಯಾರು ಬಂದರು, ಯಾರು ಫೋಟೋದ ದಿನ ಮಾತ್ರ ಬಂದರು ಎಂಬುದು ತಾನಾಗಿ ಗೊತ್ತಾಗುತ್ತದೆ. ಬಾವಿಯ ಕೆಲಸ ಹಿಡಿಯುವ ಮುಂಚೆ ಈ ಪಟ್ಟಿ ಕೈಯಲ್ಲಿರಬೇಕು.

ಗೋಡೆಗೆ ಬಣ್ಣ ಬಳಿದು ಚಿತ್ರ ಬರೆಯುವುದರಿಂದ ಶುರು ಮಾಡುವ ಗುಂಪುಗಳು ಬಹಳ. ಅದು ಒಂದೇ ಭಾನುವಾರದ ಕೆಲಸ. ಎರಡನೆಯ ಭಾನುವಾರ ಮಾಡಲು ಏನೂ ಇರುವುದಿಲ್ಲ, ಗುಂಪೂ ಇರುವುದಿಲ್ಲ.

ಎಷ್ಟು ಜನ ಬೇಕು?

ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬರುತ್ತಾರೆ ಎಂದು ಹಿಡಿಯಿರಿ. ಏಳು ಜನ ಬೇಕಾದರೆ ಹದಿನಾಲ್ಕು ಹೆಸರು. ಕ್ಯಾಲೆಂಡರ್ ಹಚ್ಚುವಾಗ ಊರಿನ ಕೆಲಸದ ಲೆಕ್ಕ ನೋಡಿ: ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಫೆಬ್ರವರಿ, ಮಾರ್ಚ್‌ನಲ್ಲಿ ಬಿಳಿಜೋಳ, ಮಿರಗ ಕೂಡಿದ ಮೇಲೆ ಬಿತ್ತಿಗೆ. ಈ ದಿನಗಳಲ್ಲಿ ಹೊಲ ಇದ್ದವರು ಬರುವುದಿಲ್ಲ, ಬರಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ರಂಜಾನ್ ತಿಂಗಳಲ್ಲಿ ರೋಜಾ ಇದ್ದವರಿಗೆ ಹೊರುವ ಕೆಲಸ ಹಚ್ಚಬೇಡಿ. ನೋಂದಣಿ ಪುಸ್ತಕ, ಲೆಕ್ಕ, ಗೇಟಿನ ಕಾವಲು ಇಂಥವು ಇದ್ದೇ ಇರುತ್ತವೆ. ಸಂತೆ ದಿನ ಯಾವ ಕೆಲಸವೂ ಬೇಡ.

ಸಂಘ ನೋಂದಾಯಿಸಬೇಕೇ?

ಶುರುವಿಗೆ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಸದಸ್ಯರು ಬೇಕು. ಆಮೇಲೆ ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು, ಸಭೆ ನಡೆಸಬೇಕು. ಗಡಿಗೆ, ಹಗ್ಗ, ಸಲಿಕೆಗೆ ಇಷ್ಟೆಲ್ಲ ಬೇಕಿಲ್ಲ. ದೊಡ್ಡ ಮೊತ್ತದ ದೇಣಿಗೆ ಬರುವ ಹಾಗಾದರೆ, ಅಥವಾ ಎರಡು ಬೇಸಿಗೆ ಗುಂಪು ಉಳಿದರೆ ಆಗ ಮಾಡಿಸಿ.

ಪುರಸಭೆಯ ಅನುಮತಿ ಕೇಳಿದರೆ ಕೆಲಸ ನಿಲ್ಲುವುದಿಲ್ಲವೇ?

ಕೇಳದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ಜಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನು ಮಾಡುತ್ತೀರಿ, ಪುರಸಭೆಯಿಂದ ಏನು ಬೇಕು, ಇಷ್ಟೇ ಸಾಕು. ‘ಸಹಕಾರ ನೀಡಬೇಕು’ ಎಂದು ಬರೆದರೆ ಯಾರಿಗೂ ಏನೂ ಅರ್ಥವಾಗದು. ‘ಭಾನುವಾರ ಮುಂಜಾನೆ 6ರಿಂದ 10ರವರೆಗೆ ಒಂದು ಟ್ರ್ಯಾಕ್ಟರ್ ಬೇಕು’ ಎಂದು ಬರೆಯಿರಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಮುಂಜಾನೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊಟ ಮಾಡಿ ಹೋದವರಿಗೆ ಬೀಗ ಕಾಣುತ್ತದೆ.

ಬಾವಿ ಯಾರದ್ದು ಎಂದು ಹೇಗೆ ತಿಳಿಯುವುದು?

‘ಅದು ಊರ ಬಾವಿ’ ಎಂದು ಎಲ್ಲರೂ ಹೇಳುತ್ತಾರೆ. ಕಾಗದದಲ್ಲಿ ಅದು ಪುರಸಭೆಯದ್ದಿರಬಹುದು, ಗುಡಿಯದ್ದಿರಬಹುದು, ಮುಜರಾಯಿ, ವಕ್ಫ್ ಅಥವಾ ಒಂದು ಮನೆತನದ್ದಿರಬಹುದು. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ, ಊರೊಳಗಿನದಾದರೆ ಪುರಸಭೆಯ ಆಸ್ತಿ ವಹಿ ನೋಡಿ. ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಖಾಸಗಿಯವರದ್ದಾದರೆ, ಹೂಳು ತೆಗೆದ ಮೇಲೂ ಊರಿನವರಿಗೆ ನೀರು ಬಿಡುತ್ತೇವೆ ಎಂದು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ನೀರು ಬಂದ ಮೇಲೆ ಬಾವಿಗೆ ಒಡೆಯರು ಹುಟ್ಟಿಕೊಳ್ಳುವುದು ಎಲ್ಲ ಊರಲ್ಲೂ ಇದ್ದದ್ದೇ.

ಬೀದರಿನಂಥ ಕಡೆ ಇನ್ನೊಂದು ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟೆ ಕಟ್ಟುವ, ಸಿಮೆಂಟ್ ಹಚ್ಚುವ ಮುಂಚೆ ಆ ಇಲಾಖೆಗೆ ಬರೆಯಿರಿ. ನೌಬಾದಿನ ಕರೇಜ್, ಅಂದರೆ ಬಹಮನಿ ಕಾಲದ ಸುರಂಗ ಬಾವಿ, ಅಂಥದ್ದರ ಗಾಳಿಕಿಂಡಿ ಕಂಡರೆ ಶ್ರಮದಾನದ ಗುಂಪು ಅದಕ್ಕೆ ಕೈ ಹಚ್ಚಲೇಬಾರದು. ಒಂದು ಕಿಂಡಿಯಲ್ಲಿ ಮಣ್ಣು ಕುಸಿದರೆ ಸುರಂಗದ ಹರಿವೇ ನಿಲ್ಲುತ್ತದೆ.

ಹೂಳೆತ್ತಲು ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಮಧ್ಯದಿಂದ ಮೇ ಮೂರನೆಯ ವಾರ. ನೀರು ತಳಕ್ಕಿಳಿದಿರುತ್ತದೆ, ಗೋಡೆಯ ಹಿಂದಿನ ಮಣ್ಣು ಒಣಗಿರುತ್ತದೆ. ಜೂನ್ ಮೊದಲ ವಾರಕ್ಕೆ ಮಿರಗ ಕೂಡುತ್ತದೆ, ಅಷ್ಟರೊಳಗೆ ಕಟ್ಟೆ, ಜಾಳಿಗೆ ಎಲ್ಲ ಮುಗಿದಿರಬೇಕು. ಕೆಲಸದ ಹೊತ್ತು ಮುಂಜಾನೆ 6ರಿಂದ 9.30. ಆಮೇಲೆ 42 ಡಿಗ್ರಿ ಬಿಸಿಲಲ್ಲಿ ಹಗ್ಗ ಎಳೆಯುವುದು ಶೌರ್ಯವಲ್ಲ.

ಎಷ್ಟು ಹೂಳು, ಎಷ್ಟು ದಿನ, ಎಷ್ಟು ಜನ? ಲೆಕ್ಕ ಹೇಗೆ?

ಈ ಲೆಕ್ಕ ಮಾಡದೆ ಶುರು ಮಾಡಿದ್ದರಿಂದಲೇ ಹೆಚ್ಚಿನ ಬಾವಿಗಳು ಅರ್ಧಕ್ಕೆ ನಿಂತಿವೆ.

ದುಂಡು ಬಾವಿಯಾದರೆ ಅಡ್ಡಳತೆಯನ್ನು ಅಡಿಯಲ್ಲಿ ಅಳೆಯಿರಿ. ಅಡ್ಡಳತೆ × ಅಡ್ಡಳತೆ × 0.785 × ಹೂಳಿನ ಆಳ, ಇದು ಘನ ಅಡಿ. 16 ಅಡಿ ಬಾವಿಯಲ್ಲಿ 3 ಅಡಿ ಹೂಳಿದ್ದರೆ ಸುಮಾರು 600 ಘನ ಅಡಿ, ಅಂದರೆ 6 ಬ್ರಾಸ್ (100 ಘನ ಅಡಿಗೆ ಒಂದು ಬ್ರಾಸ್). ಹಸಿ ಹೂಳಿನ ತೂಕ 27 ಟನ್ ಆಸುಪಾಸು. ಹೂಳಿನ ಆಳ ಕಾಣಬೇಕಾದರೆ ಉದ್ದ ಕಬ್ಬಿಣದ ಸಲಾಕೆಗೆ ಹಗ್ಗ ಕಟ್ಟಿ ಮೇಲಿನಿಂದಲೇ ನಾಲ್ಕೈದು ಕಡೆ ಇಳಿಬಿಡಿ. ಮೆತ್ತಗೆ ಹೋಗಿ ಟಣ್ ಎಂದರೆ ಕಲ್ಲು, ಜಗ್ಗಿದರೆ ಬಟ್ಟೆ, ಪ್ಲಾಸ್ಟಿಕ್.

10 ಲೀಟರಿನ ಬಕೆಟ್ ಹೂಳು ತುಂಬಿದರೆ 16 ಕೆಜಿ ತೂಗುತ್ತದೆ. 600 ಘನ ಅಡಿಗೆ ಹತ್ತಿರ ಹತ್ತಿರ 1,700 ಬಕೆಟ್. ಒಂದು ಗಾಲಿಯಲ್ಲಿ (ರಾಟೆಯಲ್ಲಿ) ನಿಮಿಷಕ್ಕೆ ಒಂದು ಬಕೆಟ್ ಬಂದರೆ ಅದೇ ದೊಡ್ಡದು. ಎರಡು ಗಾಲಿ, ಮೂರು ತಾಸು, ದಿನಕ್ಕೆ 360 ಬಕೆಟ್. ಅಂದರೆ ಐದು ಮುಂಜಾನೆ. ಪ್ರತಿ ಗಾಲಿಗೆ ಎಳೆಯುವವರು ನಾಲ್ವರು, ಬಕೆಟ್ ಬಿಡಿಸುವವರು ಒಬ್ಬರು, ಹೊರುವವರು ಮೂವರು, ಕಟ್ಟೆಯ ಮೇಲೆ ಬಾವಿಯೊಳಗೆ ಕಣ್ಣಿಟ್ಟು ನಿಲ್ಲುವವರು ಒಬ್ಬರು. ಕೊನೆಯವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ.

ಗಾಲಿಯನ್ನು ಹಳೆ ಕಟ್ಟೆಯ ಕಲ್ಲಿಗೆ ಕಟ್ಟಬೇಡಿ, ಕಲ್ಲು ಸಮೇತ ಕೆಳಗೆ ಹೋಗುತ್ತದೆ. ಬಾವಿಗೆ ಅಡ್ಡಲಾಗಿ ಕಬ್ಬಿಣದ ಗರ್ಡರ್ ಇಡಿ, ಎರಡೂ ಬದಿ ಕಟ್ಟೆಯಿಂದ 3 ಅಡಿ ಆಚೆಗೆ ನೆಲದ ಮೇಲೆ ಊರಿರಲಿ. ಹಗ್ಗ 16 ಮಿಲಿಮೀಟರಿನ ನೈಲಾನ್. ಬಕೆಟ್ಟಿನ ಕೊಕ್ಕೆಗೆ ತಂತಿ ಸುತ್ತಿ ಬಾಯಿ ಮುಚ್ಚಿ. ಬಕೆಟ್ ತುಳುಕಿದಾಗ ಕೊಕ್ಕೆ ಕಳಚುವುದೇ ಪೆಟ್ಟಾಗುವ ಮೊದಲ ಕಾರಣ. ಬಕೆಟ್ ಏರುವಾಗ ಕೆಳಗಿನವರು ಗೋಡೆಗೆ ಅಂಟಿ ನಿಲ್ಲಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಬೈಕಿನದಾದರೂ ನಡೆಯುತ್ತದೆ.

ಬಾವಿಯೊಳಗೆ ಗ್ಯಾಸ್ ಇದೆಯೋ ಇಲ್ಲವೋ ದೀಪ ಇಳಿಬಿಟ್ಟರೆ ಗೊತ್ತಾಗುತ್ತದಲ್ಲ?

ಅರ್ಧ ಮಾತ್ರ. ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತೆಗೆಯುವಾಗ ಕಂದೀಲು ಇಳಿಬಿಟ್ಟು ನೋಡುವುದನ್ನು ಇಲ್ಲಿಯ ಹಿರಿಯರೆಲ್ಲ ಬಲ್ಲರು. ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಆಮ್ಲಜನಕ ಕಡಿಮೆಯಾಗಿರುತ್ತದೆ, ದೀಪ ಆರುತ್ತದೆ. ಕಸ ಕೊಳೆತ ಬಾವಿಯ ಕಥೆ ಬೇರೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮನುಷ್ಯನನ್ನು ಕೆಡವುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ. ಆದರೆ ಪ್ರಮಾಣ ಹೆಚ್ಚಾದಾಗ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ. ಮೀಥೇನ್ ಇದ್ದರೆ ದೀಪವೇ ಬೆಂಕಿ ಹಚ್ಚುತ್ತದೆ.

ಬೇಕಾದದ್ದು ನಾಲ್ಕು ಅನಿಲ (ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್, ಮೀಥೇನಿನಂಥ ಹೊತ್ತುವ ಅನಿಲ) ತೋರಿಸುವ ಮೀಟರ್. ಅಗ್ನಿಶಾಮಕ ಠಾಣೆಗೆ ಪತ್ರ ಕೊಟ್ಟು ಕೇಳಿ. ಸೇಡಂ, ವಾಡಿ ಕಡೆಯವರು ಸಿಮೆಂಟ್ ಕಾರ್ಖಾನೆಗಳ ಸುರಕ್ಷತಾ ವಿಭಾಗವನ್ನೂ ಕೇಳಿ ನೋಡಬಹುದು. ಮೀಟರನ್ನು ಹಗ್ಗಕ್ಕೆ ಕಟ್ಟಿ ಬಾಯಿ, ನಡು, ತಳ ಮೂರೂ ಕಡೆ ನೋಡಿ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ಇರುತ್ತದೆ. 19.5ಕ್ಕಿಂತ ಕಡಿಮೆ ತೋರಿಸಿದರೆ ಯಾರೂ ಇಳಿಯಬಾರದು. ಮುಂಜಾನೆ ಒಮ್ಮೆ ನೋಡಿದರೆ ಸಾಲದು, ಹೂಳು ಕೆದಕಿದಾಗ ಅಡಿಯಲ್ಲಿದ್ದ ಅನಿಲ ಹೊರಬರುತ್ತದೆ. ಕೆಲಸ ಮಾಡುವವರ ಎದೆಯ ಮೇಲೇ, ಮೂಗಿನ ಹತ್ತಿರ, ಮೀಟರ್ ಇರಲಿ.

ಮೀಟರ್ ಸಿಗದಿದ್ದರೆ? ಇಳಿಯಬೇಡಿ, ಮೇಲಿನಿಂದ ಗಾಳದ ಕೊಕ್ಕೆ ಹಾಕಿ ಕಸ ತೆಗೆಯುವಷ್ಟಕ್ಕೆ ನಿಲ್ಲಿಸಿ. ಬ್ಲೋವರ್ ಹಚ್ಚಿ ಪೈಪನ್ನು ತಳದವರೆಗೆ ಬಿಟ್ಟು ಅರ್ಧ ತಾಸು ಗಾಳಿ ಹೊಡೆದರೆ ಒಳಗಿನ ಗಾಳಿ ಬದಲಾಗುವುದು ನಿಜ, ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಿದರೂ ಸ್ವಲ್ಪ ಬದಲಾಗುತ್ತದೆ. ಆದರೆ ಎಷ್ಟು ಬದಲಾಯಿತು ಎಂದು ಹೇಳಲು ಮತ್ತೆ ಮೀಟರೇ ಬೇಕು.

ಇಳಿಯುವವರ ಎದೆ, ತೊಡೆಗೆ ಬೆಲ್ಟ್ ಕಟ್ಟಿ, ಅದರ ಹಗ್ಗ ಪೂರ್ತಿ ಹೊತ್ತು ಮೇಲಿನವರ ಕೈಯಲ್ಲಿರಬೇಕು. ಕೆಳಗೆ ಒಬ್ಬರು ಕುಸಿದರೆ ಎರಡನೆಯವರು ಇಳಿಯುವಂತಿಲ್ಲ, ಅಣ್ಣನಿರಲಿ, ತಮ್ಮನಿರಲಿ. ಒಂದೇ ಬಾವಿಯಲ್ಲಿ ಮೂವರು ನಾಲ್ವರು ಸಾಯುವುದು ಹೀಗೇ. ಹಗ್ಗ ಎಳೆಯಿರಿ, 112ಕ್ಕೆ ಕರೆ ಮಾಡಿ.

ಸ್ವಯಂಸೇವಕರೇ ಇಳಿಯಬಹುದೇ?

ಬೇಡ. ಬಾವಿ ತೋಡುವ, ಕಟ್ಟುವ ಕೆಲಸ ಗೊತ್ತಿದ್ದವರಿಗೆ ಕೂಲಿ ಕೊಟ್ಟು ಕರೆಸಿ. ಶ್ರಮದಾನದ ಹೆಸರಲ್ಲಿ ಅವರಿಂದ ಪುಕ್ಕಟೆ ಮಾಡಿಸುವುದು ನಾಚಿಕೆಗೇಡು. ಮೇಲಿನ ಎಳೆಯುವ, ಹೊರುವ ಕೆಲಸ ಗುಂಪಿನದು.

ನೀರು ಹೊರಹಾಕಲು ಯಾವ ಪಂಪ್?

ನೀರಿನ ಮಟ್ಟ ನೆಲದಿಂದ 20–22 ಅಡಿಗಿಂತ ಕೆಳಗಿದ್ದರೆ ಮೇಲಿಟ್ಟ ಪಂಪ್ ನೀರೆಳೆಯದು. ಎಷ್ಟೇ ಅಶ್ವಶಕ್ತಿಯದಾದರೂ ಹೀರುವ ಮಿತಿ ಅಷ್ಟೇ. ಆಗ ಕೆಸರು ನೀರಿಗೆಂದೇ ಇರುವ ಸಬ್‌ಮರ್ಸಿಬಲ್ ಬಾಡಿಗೆಗೆ ತನ್ನಿ. ಬೋರ್‌ವೆಲ್ಲಿನ ಮೋಟಾರ್ ಇಳಿಬಿಟ್ಟರೆ ಮರಳು ಸಿಕ್ಕಿ ಸುಡುತ್ತದೆ. ಡೀಸೆಲ್ ಎಂಜಿನ್ನನ್ನು ಪಾವಟಿಗೆಯ ಮೇಲೆ ಇಳಿಸಿ ಹಚ್ಚುವ ಉಪಾಯ ಯಾರಾದರೂ ಹೇಳೇ ಹೇಳುತ್ತಾರೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ಬಾವಿಯೊಳಗೇ ನಿಲ್ಲುತ್ತದೆ. ಒಪ್ಪಬೇಡಿ. ಕರೆಂಟಿನ ಪಂಪ್ ನಡೆಯುವಾಗ ನೀರಲ್ಲಿ ಯಾರೂ ಇರಬಾರದು.

ನೀರು ಖಾಲಿ ಮಾಡಿದ ಮೇಲೆ ಗೋಡೆ ಕುಸಿಯಿತು ಎಂದು ಕೇಳಿದ್ದೇವೆ. ಏಕೆ?

ಒಳಗಿನ ನೀರು ಗೋಡೆಯನ್ನು ಒತ್ತಿ ಹಿಡಿದಿರುತ್ತದೆ. ಅದನ್ನು ಒಂದೇ ದಿನದಲ್ಲಿ ತೆಗೆದರೆ ಗೋಡೆಯ ಹಿಂದೆ ನೆನೆದ ಮಣ್ಣಿನ ಭಾರ ಒಳಗೆ ನೂಕುತ್ತದೆ. ದಿನಕ್ಕೆ ನಾಲ್ಕೈದು ಅಡಿ ಮಾತ್ರ ಇಳಿಸಿ, ರಾತ್ರಿ ಬಿಡಿ, ಮರುದಿನ ಗೋಡೆ ನೋಡಿ. ಕಲ್ಲಿನ ಸಂದಿಯಿಂದ ಕೆಸರು ಒಸರಿದರೆ ನಿಲ್ಲಿಸಿ. ಬಿರುಕಿಗೆ ಅಡ್ಡವಾಗಿ ಸುಣ್ಣದ ಪಟ್ಟಿ ಬಳಿಯಿರಿ. ಮರುದಿನ ಪಟ್ಟಿ ಒಡೆದಿದ್ದರೆ ಗೋಡೆ ಸರಿಯುತ್ತಿದೆ ಎಂದರ್ಥ.

ನೆಲದ ಗುಣವೂ ನೋಡಬೇಕು. ಬೀದರ್ ಕಡೆ ಮೇಲಿನ ಕೆಂಪು ಜಂಬಿಟ್ಟಿಗೆ ಗಟ್ಟಿ ನಿಲ್ಲುತ್ತದೆ, ಅದರ ಕೆಳಗಿನ ಜೇಡಿಯ ಪದರ ನೆನೆದರೆ ಜಾರುತ್ತದೆ. ಆಳಂದ, ಅಫಜಲಪುರದ ಎರಿ ನೆಲ ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ, ಮೇಲಿನ ಹತ್ತು ಹದಿನೈದು ಅಡಿಯೇ ಅಪಾಯ. ಸೇಡಂ, ಚಿತ್ತಾಪುರ, ಶಹಾಬಾದಿನ ಸುಣ್ಣಕಲ್ಲು ಪದರ ಪದರವಾಗಿರುವುದರಿಂದ ಗೋಡೆಗಿಂತ ಮೇಲಿಂದ ಬೀಳುವ ಫರಸಿ ಚಕ್ಕೆಯ ಭಯ ಹೆಚ್ಚು. ಯಾದಗಿರಿಯ ಗ್ರಾನೈಟ್ ನೆಲದಲ್ಲಿ ತಳಕ್ಕೆ ಚಿಂತೆಯಿಲ್ಲ, ಮೇಲಿನ ಸಡಿಲ ಗರಸು ನೋಡಿಕೊಳ್ಳಿ. ಕಟ್ಟೆಯ ಸಂದಿಯಲ್ಲಿ ಬೆಳೆದ ಆಲ, ಅರಳಿಯ ಗಿಡವನ್ನು ಬೇರು ಸಮೇತ ಎಳೆದರೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ವರ್ಷಕ್ಕೆ ಎರಡು ಸಲ ಚಿಗುರು ತೆಗೆಯಿರಿ.

ತೆಗೆದ ಹೂಳನ್ನು ಏನು ಮಾಡುವುದು?

ಬಾವಿಯ ದಂಡೆಯಿಂದ ಕನಿಷ್ಠ 10 ಅಡಿ ದೂರ ಹಾಕಿ, ಅದೇ ದಿನ ಸಾಗಿಸಿ. ದಂಡೆಯಲ್ಲೇ ಗುಡ್ಡೆ ಹಾಕಿದರೆ ಗೋಡೆಗೆ ಭಾರ, ಮೊದಲ ಮಳೆಗೆ ವಾಪಸು ಒಳಗೆ. ಪ್ಲಾಸ್ಟಿಕ್, ಗಾಜು ಆರಿಸಿದ ಮಣ್ಣು ಹೊಲಕ್ಕೆ ಒಳ್ಳೆಯದು, ಕೇಳುವವರಿರುತ್ತಾರೆ. ಗಟಾರ ಕೂಡಿದ ಬಾವಿಯ ಹೂಳನ್ನು ಕಾಯಿಪಲ್ಲೆ ತೋಟಕ್ಕೆ ಕೊಡಬೇಡಿ.

ಗಣಪತಿ ಮೂರ್ತಿಗಳು ಬರುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕರಗಿರುವುದಿಲ್ಲ. ಕಸದ ಟ್ರ್ಯಾಕ್ಟರಿಗೆ ಎಸೆದರೆ ಜಗಳ ಖಚಿತ. ಬೇರೆ ಬಟ್ಟೆಯ ಮೇಲೆ ಇಟ್ಟು, ಗುಡಿಯ ಹಿರಿಯರನ್ನು ಕರೆಸಿ ಅವರು ಹೇಳಿದ ಹಾಗೆ ಕಳಿಸಿ. ಮೊಹರಂನ ಅಲಾವಿಯಲ್ಲಿ ಕೂಡಿದವರೇ ಇಲ್ಲೂ ಕೂಡಿದರೆ ಈ ಮಾತು ಸುಲಭವಾಗಿ ಮುಗಿಯುತ್ತದೆ.

ಒಣ ಬಾವಿಯ ಕಲ್ಲಿನ ಸಂದಿಯಲ್ಲಿ ಚೇಳು, ಹಾವು ಇದ್ದೇ ಇರುತ್ತವೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಚೇಳನ್ನು ಕೈಮೇಲೆ ಬಿಟ್ಟುಕೊಳ್ಳುತ್ತಾರೆ, ಬಾವಿಯೊಳಗೆ ಆ ಧೈರ್ಯ ಬೇಡ. ಚರ್ಮದ ಕೈಗವಸು, ಗಮ್ ಬೂಟು ಹಾಕಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು ಸೀದಾ ತಾಲ್ಲೂಕು ಆಸ್ಪತ್ರೆಗೆ.

ಬಾವಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು?

ಮೊದಲು ನೀರಿನ ಲೆಕ್ಕ: ಅಡ್ಡಳತೆ × ಅಡ್ಡಳತೆ × 22, ಇದು ಒಂದು ಅಡಿ ಆಳದ ನೀರಿನ ಲೀಟರ್. 16 ಅಡಿ ಬಾವಿಯಲ್ಲಿ ಪ್ರತಿ ಅಡಿಗೆ ಸುಮಾರು 5,600 ಲೀಟರ್.

ಹೂಳೆತ್ತಿದ ಮೇಲಿನ ಮೊದಲ ತೊಳೆತಕ್ಕೆ 1,000 ಲೀಟರಿಗೆ 200 ಗ್ರಾಂ. ಬಾವಿ ತುಂಬುವವರೆಗೆ ಕಾಯಬೇಡಿ, 3 ಅಡಿ ಊರಿದಾಗಲೇ ಹಾಕಿದರೆ ಮೂರೂವರೆ ಕೆಜಿಯೊಳಗೆ ಮುಗಿಯುತ್ತದೆ. ಗೋಡೆಗೂ ಅದೇ ನೀರು ಎರಚಿ, ಒಂದು ದಿನ ಬಿಟ್ಟು ಪೂರ್ತಿ ಹೊರಹಾಕಿ. ಆ ನೀರನ್ನು ಗಿಡಕ್ಕೆ, ದನಕ್ಕೆ ಬಿಡಬೇಡಿ.

ಆಮೇಲಿನ ದಿನಬಳಕೆಗೆ 1,000 ಲೀಟರಿಗೆ 2.5 ಗ್ರಾಂ ಸಾಕು. 10 ಅಡಿ ನೀರಿದ್ದರೆ 140 ಗ್ರಾಂ. ಪುಡಿಯನ್ನು ಸೀದಾ ಬಾವಿಗೆ ಎಸೆಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂಡುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಪುಡಿ ಬೇಡ. ಕನಿಷ್ಠ ಒಂದು ತಾಸು ನೀರು ಮುಟ್ಟಬಾರದು. ಸಂಜೆ ಹಾಕಿ ಮುಂಜಾನೆ ಬಳಸುವುದು ಎಲ್ಲಕ್ಕಿಂತ ಸುಲಭ. ಒಂದು ತಾಸಿನ ಬಳಿಕ ಪರೀಕ್ಷಾ ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಬಾಯಿ ಬಿಚ್ಚಿದ ಚೀಲದ ಪುಡಿ ಬೇಸಿಗೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಘಾಟು ಇಲ್ಲದ ಪುಡಿ ಬರೀ ಸುಣ್ಣ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆರಳಲ್ಲಿ ಇಡಿ.

ಹಾಗಾದರೆ ಆ ನೀರು ಕುಡಿಯಬಹುದೇ?

ಪರೀಕ್ಷೆ ಮಾಡಿಸದೆ ಬೇಡ. ಕ್ಲೋರಿನ್ ರೋಗಾಣು ಕೊಲ್ಲುತ್ತದೆ, ಫ್ಲೋರೈಡ್, ನೈಟ್ರೇಟ್ ತೆಗೆಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಹೆಚ್ಚು ದಟ್ಟವಾಗುತ್ತವೆ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ ಮಿತಿ 45. ಸುರಪುರ ತಾಲ್ಲೂಕಿನ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡಿರುವುದರಿಂದ ಆ ಕಡೆಯವರು ಅದನ್ನೂ ಕೇಳಿ ಪರೀಕ್ಷಿಸಬೇಕು, ಮಿತಿ 0.01 ಮಿಲಿಗ್ರಾಂ.

ಪಾಯಿಖಾನೆಯ ಗುಂಡಿ ಬಾವಿಯಿಂದ 50 ಅಡಿ ದೂರವಿದ್ದರೆ ಸಾಕು ಎನ್ನುವ ಲೆಕ್ಕ ಮಣ್ಣಿನ ನೆಲಕ್ಕೆ ಸರಿ. ಸುಣ್ಣಕಲ್ಲಿನ ನೆಲದಲ್ಲಿ ನೀರು ಬಿರುಕಿನೊಳಗೆ ಪೈಪಿನಲ್ಲಿ ಹರಿದಂತೆ ಹರಿಯುತ್ತದೆ, 200 ಅಡಿಯೂ ಭರವಸೆಯಲ್ಲ. ಊರ ನಡುವಿನ ಬಾವಿಯನ್ನು ಗಿಡ, ಬಳಕೆ, ಬೆಂಕಿ ಆರಿಸಲು ಎಂದು ಇಟ್ಟುಕೊಳ್ಳುವುದೇ ಜಾಣತನ. ಟ್ಯಾಂಕರಿನ ಖರ್ಚು ಉಳಿದರೂ ಸಾಕಷ್ಟಾಯಿತು.

ಮತ್ತೆ ಕಸ ಬೀಳದಂತೆ, ಸೊಳ್ಳೆ ಆಗದಂತೆ ಏನು ಮಾಡಬೇಕು?

ಕಟ್ಟೆ ಮೂರೂವರೆ ಅಡಿ, ಮೇಲೆ ಕಬ್ಬಿಣದ ಜಾಳಿಗೆ, ಬೀಗವಿರುವ ಸಣ್ಣ ಬಾಗಿಲು. ಕೀಲಿ ಒಂದು ಪುರಸಭೆಯಲ್ಲಿ, ಒಂದು ಎದುರು ಮನೆಯಲ್ಲಿ. ಜಾಳಿಗೆಯ ಕಿಂಡಿ 2 ಇಂಚಿಗಿಂತ ದೊಡ್ಡದಾದರೆ ಕ್ಯಾರಿಬ್ಯಾಗ್ ಗಂಟು ಕೆಳಗಿಳಿಯುತ್ತದೆ. ಜಾಳಿಗೆಯನ್ನು ಸಮತಟ್ಟಾಗಿ ಹಾಕದೆ ನಡುವೆ ಎತ್ತರಿಸಿದರೆ ಕಸ ನಿಲ್ಲದೆ ಹೊರಗೆ ಜಾರುತ್ತದೆ. ಎಲ್ಲಕ್ಕೂ ಮುಂಚೆ, ಪೂಜೆಯ ಹೂವು ಎಲ್ಲಿ ಹಾಕಬೇಕು ಎಂಬುದಕ್ಕೆ ಪಕ್ಕದಲ್ಲೇ ಒಂದು ಗುಂಡಿ ಮಾಡಿ. ಜಾಗ ತೋರಿಸದೆ ‘ಹಾಕಬೇಡಿ’ ಎಂದು ಫಲಕ ಹಚ್ಚಿದರೆ ಫಲಕದ ಬುಡದಲ್ಲೇ ಹಾಕುತ್ತಾರೆ.

ಸೊಳ್ಳೆಗೆ ಗಪ್ಪಿ, ಗಂಬೂಸಿಯಾ ಮೀನು ಬಿಡಬಹುದು. ಆರೋಗ್ಯ ಇಲಾಖೆಯವರೇ ಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆದರೆ ಮೀನು, ಬ್ಲೀಚಿಂಗ್ ಎರಡೂ ಒಂದೇ ಬಾವಿಯಲ್ಲಿ ನಡೆಯುವುದಿಲ್ಲ. ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಬಳಕೆಯ ಬಾವಿಗೆ ಮೀನು, ಕುಡಿಯುವ ಬಾವಿಗೆ ಕ್ಲೋರಿನ್.

ನೂರು ಸಸಿ ನೆಟ್ಟರೆ ಹತ್ತೂ ಉಳಿಯುವುದಿಲ್ಲ. ಏನು ತಪ್ಪು?

ನೂರು ನೆಟ್ಟದ್ದೇ ತಪ್ಪು. ಒಂದು ಸಸಿಗೆ ಎರಡು ಬೇಸಿಗೆ ನೀರು ಬೇಕು, ವಾರಕ್ಕೆ 15 ಲೀಟರ್, ಫೆಬ್ರವರಿಯಿಂದ ಮಳೆ ಬರುವವರೆಗೆ. ನೂರಕ್ಕೆ ವಾರಕ್ಕೆ 1,500 ಲೀಟರ್ ಹೊರುವವರು ಯಾರು ಎಂದು ಹೆಸರು ಬರೆದ ಮೇಲೆ ನೆಡಿ. ಹೆಸರು ಇಪ್ಪತ್ತಕ್ಕೇ ಸಾಕಾದರೆ ಇಪ್ಪತ್ತೇ ನೆಡಿ.

ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ, ಎರಡು ಅಡಿ ಉದ್ದ, ಅಗಲ, ಆಳ. ಸೇಡಂ ಕಡೆ ಮೊದಲು ಹಾರೆ ಊರಿ ನೋಡಿ. ಒಂದೂವರೆ ಅಡಿಗೆ ಫರಸಿ ಹಾಸು ಸಿಕ್ಕರೆ ಅಲ್ಲಿ ಬೇಡ, ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಎರಿ ಮಣ್ಣಿನಲ್ಲಿ ಬೇಸಿಗೆಯ ಬಿರುಕು ಎಳೆ ಬೇರನ್ನು ಹರಿಯುತ್ತದೆ, ಆದ್ದರಿಂದ ಅರ್ಧ ಎರಿ, ಅರ್ಧ ಗರಸು, ಎರಡು ಬುಟ್ಟಿ ತಿಪ್ಪೆಗೊಬ್ಬರ ಕಲಸಿ ತುಂಬಿ, ಮೇಲೆ ತೊಗರಿ ಹೊಟ್ಟು ನಾಲ್ಕು ಇಂಚು ಹಾಸಿ. ಎರಡು ಹದ ಮಳೆ ಆದ ಮೇಲೆ ನೆಡಿ. ಗೇಣುದ್ದದ ಸಸಿ ಆಡಿನ ಬಾಯಿಗೆ, ನಾಲ್ಕೈದು ಅಡಿ ಬೆಳೆದದ್ದು ತನ್ನಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ಬೇವು, ಹೊಂಗೆ, ಹುಣಸೆ, ಬಸರಿ, ಬನ್ನಿ ಈ ನೆಲಕ್ಕೆ ಒಗ್ಗಿದವು. ಕರೆಂಟ್ ತಂತಿಯ ಕೆಳಗೆ ಇವು ಯಾವವೂ ಬೇಡ.

ಬೇಲಿಗೆ ಕಬ್ಬಿಣದ ಗಾರ್ಡ್ ತರುವುದು ದುಬಾರಿ, ಕಳುವೂ ಆಗುತ್ತದೆ. ರಾಶಿ ಆದ ಮೇಲೆ ಸಿಗುವ ತೊಗರಿ ಕಟ್ಟಿಗೆಯನ್ನು ತಟ್ಟಿಯಂತೆ ಹೆಣೆದು ಐದು ಅಡಿ ಎತ್ತರ ಸುತ್ತಿದರೆ ಒಂದು ವರ್ಷ ತಾಳುತ್ತದೆ, ಮುಂದಿನ ರಾಶಿಗೆ ಹೊಸದು ಸುತ್ತಿ. ಗೆದ್ದಲು ಹತ್ತದಂತೆ ಬುಡಕ್ಕೆ ಕಾಲು ಕೆಜಿ ಬೇವಿನ ಹಿಂಡಿ ಹಾಕಿ. ನೀರಿಗೆ, ಬುಡದ ಪಕ್ಕ 5 ಲೀಟರಿನ ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ತುಂಬಿ, ಮುಚ್ಚಳ ಇಡಿ. ಒಸರುತ್ತಾ ಬೇರಿಗೇ ಹೋಗುತ್ತದೆ. ಮುಚ್ಚಳವಿಲ್ಲದ ಗಡಿಗೆಯಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ.

ಅರವಟ್ಟಿಗೆಯಲ್ಲಿ ಗಡಿಗೆಯ ನೀರು ತಂಪಾಗುವುದಿಲ್ಲ, ಏಕೆ?

ಗಡಿಗೆ ಹಳೆಯದು. ನಮ್ಮ ಗಡಸು ನೀರಿನ ಸುಣ್ಣ ಗಡಿಗೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ನೀರು ಒಸರಿ ಆರಿದರೇ ತಂಪು, ಒಸರದಿದ್ದರೆ ಅದು ಬರೀ ಪಾತ್ರೆ. ಪ್ರತಿ ಬೇಸಿಗೆಗೆ ಹೊಸ ಗಡಿಗೆ ತನ್ನಿ, ಹಸಿ ಮರಳಿನ ಮೇಲೆ, ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಬಣ್ಣ ಬಳಿದ ಗಡಿಗೆ ಚೆಂದ ಕಾಣುತ್ತದೆ, ತಂಪು ಮಾಡುವುದಿಲ್ಲ.

ಬಸ್ ನಿಲ್ದಾಣದಂಥ ಜಾಗಕ್ಕೆ ದಿನಕ್ಕೆ 300 ಲೀಟರ್ ಹಿಡಿಯಿರಿ. ಒಬ್ಬರಿಗೆ ಅರ್ಧ ಲೀಟರಿನಂತೆ 600 ಜನ. ಗಡಿಗೆಗೆ ಕೈ, ಲೋಟ ಅದ್ದಲು ಬಿಡಬಾರದು, ಉದ್ದ ಹಿಡಿಕೆಯ ಸೌಟು ಅಥವಾ ಬುಡಕ್ಕೆ ನಲ್ಲಿ. ದಿನಾ ಮುಂಜಾನೆ ಖಾಲಿ ಮಾಡಿ ತೆಂಗಿನ ನಾರಿನಿಂದ ಉಜ್ಜಿ, ಸಾಬೂನು ಬೇಡ, ಗಡಿಗೆ ಅದನ್ನು ಹೀರುತ್ತದೆ. 0.5 ಗ್ರಾಂನ ಕ್ಲೋರಿನ್ ಗುಳಿಗೆ ಒಂದು 20 ಲೀಟರಿಗೆ. ಗುಳಿಗೆಯ ಅಳತೆ ಬೇರೆ ಬೇರೆ ಇರುವುದರಿಂದ ಚೀಟಿ ಓದಿ ಹಾಕಿ.

ಬಿಸಿಲಿಗೆ ತಲೆ ತಿರುಗಿ ಬಂದವರಿಗೆ: 1 ಲೀಟರ್ ನೀರು, ಸಮ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತಡವರಿಸಿದರೆ ಬಾಯಿಗೆ ನೀರು ಹೊಯ್ಯಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಗಟಾರ ಸ್ವಚ್ಛ ಮಾಡಬಹುದೇ?

ತೆರೆದ ಸಣ್ಣ ಮಳೆನೀರಿನ ಕಾಲುವೆಯ ಪ್ಲಾಸ್ಟಿಕ್ಕನ್ನು ಉದ್ದ ಕೋಲಿನಿಂದ ತೆಗೆಯಬಹುದು. ಮಲದ ನೀರಿನ ಗಟಾರ, ಮ್ಯಾನ್‌ಹೋಲ್, ಸೆಪ್ಟಿಕ್ ಗುಂಡಿಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಪುರಸಭೆಯ ಯಂತ್ರ ಬರುವವರೆಗೆ ಪತ್ರದ ಮೇಲೆ ಪತ್ರ ಬರೆಯುವುದೇ ಕೆಲಸ. ಕಸ ಸುಡುವುದೂ ಬೇಡ.

ಬೀದಿದೀಪ ಉರಿಯುತ್ತಿಲ್ಲ, ಯಾರಿಗೆ ಹೇಳಬೇಕು?

ಬಲ್ಬ್ ಪುರಸಭೆಯದ್ದು, ಲೈನ್ ವಿದ್ಯುತ್ ಕಂಪನಿ ಜೆಸ್ಕಾಂನದ್ದು. ಒಂದೇ ದೀಪ ಆರಿದ್ದರೆ ಪುರಸಭೆಗೆ, ಇಡೀ ಓಣಿ ಆರಿದ್ದರೆ 1912ಕ್ಕೆ. ಕಂಬದ ನಂಬರ್ ಬರೆದುಕೊಂಡು ಹೋಗಿ. ನೀವೇ ಕಂಬ ಹತ್ತಬೇಡಿ.

ರೊಕ್ಕದ ಲೆಕ್ಕ ಹೇಗಿಡಬೇಕು?

ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ. ಒಬ್ಬರ ಮೊಬೈಲಿನ ಸ್ಕ್ಯಾನ್ ಕೋಡ್ ಇಟ್ಟು ದೇಣಿಗೆ ಪಡೆಯಬೇಡಿ, ಆ ಮನುಷ್ಯ ಎಷ್ಟೇ ಪ್ರಾಮಾಣಿಕನಿದ್ದರೂ ಮೂರನೆಯ ತಿಂಗಳಿಗೆ ಅವನ ಬೆನ್ನ ಹಿಂದೆ ಮಾತು ಏಳುತ್ತದೆ. ಪ್ರತಿ ತಿಂಗಳ ಮೊದಲ ಭಾನುವಾರ ಬಂದದ್ದು, ಹೋದದ್ದು ಅಗಸಿಯ ಹತ್ತಿರದ ಗೋಡೆಗೆ ಅಂಟಿಸಿ. ರೊಕ್ಕಕ್ಕಿಂತ ಸಾಮಾನು ಬೇಡುವುದು ವಾಸಿ: ಎರಡು ಚೀಲ ಸಿಮೆಂಟ್, ಒಂದು ದಿನದ ಟ್ರ್ಯಾಕ್ಟರ್, ಹತ್ತು ಗಡಿಗೆ.

ಜನ ಕಡಿಮೆಯಾದರು. ಯಾವ ಕೆಲಸ ಮೊದಲು ಬಿಡಬೇಕು?

ಹೊಸ ಸಸಿ ನೆಡುವುದನ್ನು. ಆಮೇಲೆ ಹೊಸ ಬಾವಿ. ನೆಟ್ಟ ಸಸಿಯ ನೀರು, ನಡೆಯುತ್ತಿರುವ ಅರವಟ್ಟಿಗೆ ಕೊನೆಯವರೆಗೆ ಬಿಡಬೇಡಿ. ಏಪ್ರಿಲ್ ನಡುವೆ ಅರವಟ್ಟಿಗೆ ಮುಚ್ಚುವುದಕ್ಕಿಂತ ಇಡದಿರುವುದೇ ಲೇಸು, ಜನ ನೀರಿದೆ ಎಂದು ನಂಬಿ ಬಾಟಲಿ ತರದೆ ಬಂದಿರುತ್ತಾರೆ. ಹೂಳೆತ್ತಿದ ಬಾವಿಯನ್ನು ನೋಡಿಕೊಳ್ಳಲು ಆಗದಿದ್ದರೆ ಅಳತೆ, ಕೊನೆಯ ಸಲ ಬ್ಲೀಚಿಂಗ್ ಹಾಕಿದ ತಾರೀಖು, ನೀರಿನ ಪರೀಕ್ಷೆಯ ಪ್ರತಿ ಲಗತ್ತಿಸಿ ಪುರಸಭೆಗೆ ಪತ್ರ ಕೊಟ್ಟು, ಜಾಳಿಗೆಯ ಎದುರು ಮನೆಯ ಕೀಲಿಯನ್ನೂ ಅವರಿಗೇ ಒಪ್ಪಿಸಿ ಮೊಹರು ಹಾಕಿಸಿಕೊಳ್ಳಿ.